ಮಕ್ಕಳ ಕೈಗೆ ಪತ್ರಿಕೆಯನ್ನಿತ್ತ ಡಾಕ್ಟರು

ಪೋಲೆಂಡ್ ದೇಶದ ವಾರ್ಸಾ ಪಟ್ಟಣದಲ್ಲಿ ಯೆಹೂದ್ಯ ವಕೀಲರೊಬ್ಬರ ಮಗನಾಗಿ ಹುಟ್ಟಿದ ಹೆನ್ರಿಕ್ ಗೋಲ್ಡ್‌ಶ್ಮಿಟ್ ಎಂಬವರನ್ನು ಲೋಕವು ಯಾನುಷ್ ಕೊರ್ಚಾಕ್ ಎಂಬ ಲೇಖನನಾಮದಿಂದಲೇ ಬಲ್ಲದು. ಮಕ್ಕಳ ವೈದ್ಯರಾಗಿದ್ದ ಇವರು 1912ರಲ್ಲಿ ಕ್ರೊಖ್‌ಮಾಲ್ನಾ ಬೀದಿಯ ಯೆಹೂದ್ಯ ಅನಾಥಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. ಸ್ಟೆಫಾನಿಯಾ ವಿಲ್ಚಿನ್‌ಸ್ಕಾ ಎಂಬಾಕೆಯು ಅವರ ಸಹಾಯಕಿ. ಹೆಸರು ಡಾಕ್ಟರದಾದರೂ ದಿನದಿನದ ಭಾರವನ್ನು ಹೊತ್ತವರು ಈಕೆ. ಶಾಲೆಗಳಲ್ಲಿ ಇದು ಹೊಸದೇನಲ್ಲ.

ಆ ಶಾಲೆಯಲ್ಲಿ ಮಕ್ಕಳದೇ ಒಂದು ನ್ಯಾಯಸ್ಥಾನವಿತ್ತು. ಡಾಕ್ಟರೂ ಅದರ ಮುಂದೆ ಆಪಾದಿತರಾಗಿ ನಿಂತದ್ದುಂಟು. ವಾರಕ್ಕೊಮ್ಮೆ ಮನೆಯ ವರ್ತಮಾನಗಳನ್ನು ಬರೆದು ಎಲ್ಲರೆದುರಿಗೆ ಓದುತ್ತಿದ್ದರು. ತಾನು ಬರೆದದ್ದನ್ನು ಸಂಗಡಿಗರೆಲ್ಲರೂ ಕೇಳುವರೆಂದು ತಿಳಿದ ಮಗುವು, ಕಣ್ಣಾರೆ ಕಂಡದ್ದಕ್ಕೂ ಪರರ ಬಾಯಿಂದ ಕೇಳಿದ್ದಕ್ಕೂ ಇರುವ ಭೇದವನ್ನು ಬೇಗನೆ ಕಲಿಯುವುದೆಂದು ನನ್ನ ನಂಬಿಕೆ. ಸುದ್ದಿಯು ಮೋಸಗೊಳಿಸಬಲ್ಲದೆಂಬುದನ್ನು ಡಾಕ್ಟರು ಮಕ್ಕಳಿಂದ ಮರೆಮಾಡಲಿಲ್ಲ. 1923ರಲ್ಲಿ ಪ್ರಕಟವಾದ ಅವರ ಕಥೆಯೊಂದರಲ್ಲಿ, ಬಾಲರಾಜನಾದ ಮಾತ್ಯುಷನಿಗೆ ಬುದ್ಧಿಹೇಳುವ ಪತ್ರಕರ್ತನು ಕಡೆಯಲ್ಲಿ ಶತ್ರುಗಳ ಗೂಢಚಾರನೆಂದು ತಿಳಿದುಬರುತ್ತದೆ.

1926ರ ಅಕ್ಟೋಬರದಲ್ಲಿ ಅವರು ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿದರು. ವಾರ್ಸಾದ ಯೆಹೂದ್ಯ ದಿನಪತ್ರಿಕೆಯೊಂದರ ಶುಕ್ರವಾರದ ಪುರವಣಿಯಾಗಿ, ಕಿರು ಸಮೀಕ್ಷೆ ಎಂಬರ್ಥದ ಹೆಸರಿನಿಂದ, ಮಕ್ಕಳೇ ಬರೆಯುವ ಪತ್ರಿಕೆಯನ್ನು ಹೊರಡಿಸಿದರು. ಊರೂರಿನ ಹುಡುಗರೂ ಹುಡುಗಿಯರೂ ಅದರ ಬಾತ್ಮೀದಾರರಾದರು. ಶಾಲೆಯಲ್ಲಿ ಕಂಡ ಅನ್ಯಾಯ, ಮನೆಯ ಬಡತನ, ಬೀದಿಯಲ್ಲಿ ಕೇಳಿದ ನಿಂದೆ, ಎಲ್ಲವೂ ಅಲ್ಲಿ ಅಚ್ಚಾಗುತ್ತಿದ್ದುವು. ಪತ್ರಿಕೆಯ ಭಾಷೆ ಪೋಲಿಷ್. ಒಂದೇ ಪಟ್ಟಣದಲ್ಲಿದ್ದೂ ಒಬ್ಬರನ್ನೊಬ್ಬರು ಅರಿಯದ ಎರಡು ಜನಾಂಗಗಳಲ್ಲಿ ಒಂದರ ಮಕ್ಕಳು ತಮ್ಮ ಬಾಳನ್ನು ಮತ್ತೊಂದರ ನುಡಿಯಲ್ಲಿಯೇ ಹೇಳಿಕೊಂಡರು. ಅದಕ್ಕೆ ಮೊದಲೇ, 1919ರಿಂದ, ಮಾರಿಯಾ ಫಾಲ್ಸ್ಕಾ ಎಂಬಾಕೆಯ ಜೊತೆಗೂಡಿ ಪೋಲಿಷ್ ಕೂಲಿಕಾರರ ಮಕ್ಕಳಿಗಾಗಿಯೂ ಒಂದು ಆಶ್ರಮವನ್ನು ಅವರು ನಡೆಸಿದ್ದರು. ನೆರೆಯ ಮತದವರನ್ನು ಕುರಿತ ಯಾವ ಅಪವಾದವೇ ಆಗಲಿ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ನಮ್ಮ ಮಕ್ಕಳ ಕೈಸೇರುವ ಈ ಕಾಲದಲ್ಲಿ, ತಾಯಿತಂದೆಗಳು ಈ ಸಂಗತಿಯನ್ನು ತುಸು ನಿಧಾನವಾಗಿ ಆಲೋಚಿಸಬೇಕೆಂದು ಕೋರುತ್ತೇನೆ.

1934ರಲ್ಲಿ ಅವರು ರೇಡಿಯೋದಲ್ಲಿ ಮಾತನಾಡತೊಡಗಿದರು. ಆದರೆ ಯೆಹೂದ್ಯರಾದ ಕಾರಣ ಹೆಸರು ಹೇಳದೆ, ಮುದಿ ಡಾಕ್ಟರೆಂದೇ ಕರೆಯಿಸಿಕೊಳ್ಳಬೇಕಾಯಿತು. ಯೆಹೂದ್ಯದ್ವೇಷವು ಬೆಳೆಯಲು 1936ರಲ್ಲಿ ಅದೂ ನಿಂತಿತು. ಮಕ್ಕಳ ಪತ್ರಿಕೆಯ ಕೊನೆಯ ಸಂಚಿಕೆಯು 1939ರ ಸೆಪ್ಟೆಂಬರ್ 1ರಂದು ಹೊರಟಿತು. ಜರ್ಮನ್ ಸೈನ್ಯವು ಪೋಲೆಂಡಿಗೆ ನುಗ್ಗಿದ್ದೂ ಅದೇ ದಿನ.

1940ರಲ್ಲಿ ನಾಜಿಗಳು ಯೆಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಿದಾಗ ಅನಾಥಶಾಲೆಯೂ ಅಲ್ಲಿಗೆ ಹೋಯಿತು. ಹಸಿವೂ ರೋಗವೂ ತುಂಬಿದ್ದ ಆ ಸ್ಥಳದಲ್ಲಿ, 1942ರ ಜುಲೈ ತಿಂಗಳಲ್ಲಿ, ಮಕ್ಕಳು ನಮ್ಮ ರವೀಂದ್ರನಾಥ ಠಾಕೂರರ ಅಂಚೆಮನೆ ನಾಟಕವನ್ನು ಆಡಿದರು. ಮನೆಯೊಳಗೆ ಬಂಧಿತನಾಗಿ, ಅರಸನ ಓಲೆಗಾಗಿ ಕಾಯುತ್ತ ಮಲಗಿರುವ ರೋಗಿ ಬಾಲಕನ ಕಥೆ ಅದು. ಮುಂದಿನ ತಿಂಗಳ ಮೊದಲ ವಾರದಲ್ಲಿ ಸೈನಿಕರು ಬಂದರು. ತಪ್ಪಿಸಿಕೊಳ್ಳಲು ಮಿತ್ರರು ಒದಗಿಸಿದ್ದ ಅವಕಾಶಗಳನ್ನು ಡಾಕ್ಟರು ಮೊದಲೇ ನಿರಾಕರಿಸಿದ್ದರು. ಸುಮಾರು 200 ಮಕ್ಕಳೊಡನೆ ನಡೆದು ಅವರು ಟ್ರೆಬ್ಲಿಂಕಾಕ್ಕೆ ಹೋಗುವ ರೈಲನ್ನು ಹತ್ತಿದರು. ಸ್ಟೆಫಾನಿಯಾ ವಿಲ್ಚಿನ್‌ಸ್ಕಾ ಸಹ ಆ ಮಕ್ಕಳ ಸಂಗಡಲೇ ಇದ್ದರು.