ನಡುವೆ ನಿಂತ ಓದನ್ನು ಮುಗಿಸಿದ ವಿದ್ಯಾರ್ಥಿ: ಡಾ. ಬಿ. ಆರ್. ಅಂಬೇಡ್ಕರ್

ಜೂನ್-ಜುಲೈ ತಿಂಗಳು ಬಂತೆಂದರೆ ಮಹಾನಗರದ ನಮ್ಮ ಸಂಘ-ಸಂಸ್ಥೆಗಳ ಕಚೇರಿಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳು ರಾಶಿ ಬೀಳುತ್ತವೆ. ಅಂಕಪಟ್ಟಿಯ ಜೆರಾಕ್ಸ್, ರೇಶನ್ ಕಾರ್ಡಿನ ಜೆರಾಕ್ಸ್, ಕಾಲೇಜಿನ ಬೋನಫೈಡ್ ಸರ್ಟಿಫಿಕೇಟ್. ಕೆಲವು ವರ್ಷಗಳಿಂದ ಈ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೂ ಬರುತ್ತಿದೆ. ಬ್ಯಾಂಕಿನ ಗುಮಾಸ್ತನೆಂದರೆ ಕಾಗದಪತ್ರ ನೋಡಲು ಸರಿಯಾದ ಜನ ಎಂಬ ನಂಬಿಕೆ ನಮ್ಮವರದು! ಹೆಚ್ಚಿನ ಅರ್ಜಿಗಳಲ್ಲಿ ಒಂದು ಕಾಲಂ ಇರುತ್ತದೆ: ಪೂರ್ಣಾವಧಿ ವಿದ್ಯಾರ್ಥಿಯೇ? ಇಲ್ಲ ಎಂದು ಬರೆದವರ ಅರ್ಜಿಯನ್ನು ಬದಿಗಿಡುವುದು ರೂಢಿ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದ ಕಾಲದಲ್ಲಿ ನಾನೂ ಒಂದು ಕಡೆ ಇದೇ ಕಾಲಂನಿಂದಾಗಿ ಬರಿಗೈಯಲ್ಲಿ ಮರಳಿದ್ದೆ. ಚಹಾ ಮಾತ್ರ ಕೊಟ್ಟಿದ್ದರು.

ಅರ್ಜಿ ಬದಿಗಿಡುವಾಗಲೆಲ್ಲ ನನಗೆ ನೆನಪಾಗುವುದು ಇದೇ ಮುಂಬಯಿಯ ಪರೇಲಿನ ಚಾಳಿನಲ್ಲಿ ಬೆಳೆದು ಓದಿದ ಒಬ್ಬ ವಿದ್ಯಾರ್ಥಿ. ಸಂವಿಧಾನ ಶಿಲ್ಪಿ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅವರ ಬಗ್ಗೆ ಕೇಳದವರಿಲ್ಲ. ಆದರೆ ಅವರ ಓದು ಹಣವಿಲ್ಲದೆ ನಡುವೆ ನಿಂತದ್ದು, ನೌಕರಿ ಮಾಡಿ, ಕೂಡಿಟ್ಟು, ಸಾಲ ಮಾಡಿ ಅದನ್ನು ಮತ್ತೆ ಹಿಡಿದದ್ದು ಸಭೆಗಳ ಭಾಷಣಗಳಲ್ಲಿ ಅಷ್ಟಾಗಿ ಬರುವುದಿಲ್ಲ.

1891ರ ಎಪ್ರಿಲ್ 14ರಂದು ಮಧ್ಯಭಾರತದ ಮಹೂ ದಂಡುಪ್ರದೇಶದಲ್ಲಿ ಭೀಮರಾಯರ ಜನನ. ತಂದೆ ರಾಮಜಿ ಸಕ್ಪಾಲರು ಸೈನ್ಯದ ಶಾಲೆಯಲ್ಲಿ ಕಲಿಸುತ್ತಿದ್ದ ಸುಬೇದಾರರು. ತಾಯಿ ಭೀಮಾಬಾಯಿ ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ದಾಪೋಲಿ, ಸಾತಾರಾ ಸುತ್ತಿ ಸಂಸಾರ ಮುಂಬಯಿಗೆ ಬಂತು. ಪರೇಲಿನ ಗಿರಣಿ ಕಾರ್ಮಿಕರ ಚಾಳಿನಲ್ಲಿ ಒಂದೇ ಕೋಣೆ. ಅಡುಗೆ, ಮಲಗುವುದು, ಓದು ಎಲ್ಲ ಅದರಲ್ಲೇ. ಊರೆಲ್ಲ ಮಲಗಿದ ಮೇಲೆ ನಡುರಾತ್ರಿ ಎರಡು ಗಂಟೆಗೆ ತಂದೆ ಮಗನನ್ನು ಎಬ್ಬಿಸಿ ದೀಪದ ಮುಂದೆ ಕೂರಿಸುತ್ತಿದ್ದರಂತೆ. ಚಾಳಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1907ರಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪಾಸಾಯಿತು. ಅಸ್ಪೃಶ್ಯ ಕುಟುಂಬದ ಹುಡುಗನೊಬ್ಬ ಮೆಟ್ರಿಕ್ ದಾಟಿದ್ದು ಆ ಕಾಲಕ್ಕೆ ಸಣ್ಣ ಸುದ್ದಿಯಲ್ಲ, ಎಸ್. ಕೆ. ಬೋಳೆಯವರ ಅಧ್ಯಕ್ಷತೆಯಲ್ಲಿ ಸನ್ಮಾನ ಸಭೆ ನಡೆಯಿತು. ಅಲ್ಲಿದ್ದ ಮರಾಠಿ ಲೇಖಕ, ಶಿಕ್ಷಕ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ತಾವು ಬರೆದ ಬುದ್ಧಚರಿತ್ರೆಯನ್ನು ಹುಡುಗನ ಕೈಗಿತ್ತರು. ಕೇಳುಸ್ಕರರು ಹಾರ ಹಾಕಿ, ಪುಸ್ತಕ ಕೊಟ್ಟು, ಮನೆಗೆ ಹೋದವರಲ್ಲ. ಮುಂದೆ ತಂದೆಗೆ ಕಾಲೇಜು ಖರ್ಚು ನಿಭಾಯಿಸಲಾಗದೆ ಹೋದಾಗ ಹುಡುಗನನ್ನು ಬರೋಡದ ಮಹಾರಾಜ ಸಯಾಜಿರಾವ್ ಗಾಯಕ್‌ವಾಡರ ಬಳಿಗೆ ಕರೆದೊಯ್ದರು. ತಿಂಗಳಿಗೆ 25 ರೂಪಾಯಿಯ ವಿದ್ಯಾರ್ಥಿವೇತನ ಮಂಜೂರಾಯಿತು. ಎಲ್ಫಿನ್‌ಸ್ಟನ್ ಕಾಲೇಜಿನ ಬಿ.ಎ. ಮುಗಿದದ್ದು ಆ ಹಣದ ಬಲದಿಂದ. ಸನ್ಮಾನ ಮಾಡುವವರು ನಮ್ಮಲ್ಲಿ ಧಾರಾಳ ಇದ್ದಾರೆ, ಅರ್ಜಿ ಹಿಡಿದು ಜೊತೆಗೆ ಹೋಗುವವರು ಕಡಿಮೆ.

1913ರ ಜನವರಿಯಲ್ಲಿ ಭೀಮರಾಯರು ಬರೋಡ ಸಂಸ್ಥಾನದ ನೌಕರಿಗೆ ಸೇರಿದರು. ಕೆಲವೇ ದಿನಗಳಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ಮಹಾರಾಜರ ಇನ್ನೊಂದು ನೆರವು ಒದಗಿತು: ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ಮೂರು ವರ್ಷ, ತಿಂಗಳಿಗೆ ಹನ್ನೊಂದೂವರೆ ಪೌಂಡ್. ಆದರೆ ಇದು ಪುಕ್ಕಟೆ ದಾನವಲ್ಲ. ಓದು ಮುಗಿಸಿ ಬಂದು ಹತ್ತು ವರ್ಷ ಬರೋಡದಲ್ಲಿ ಸೇವೆ ಸಲ್ಲಿಸಬೇಕೆಂಬ ಕರಾರಿಗೆ ಸಹಿ ಮಾಡಿಯೇ ಅವರು ಹಡಗು ಹತ್ತಿದ್ದು. ಬಂದ ಹಣದಲ್ಲಿ ಸ್ವಲ್ಪ ಉಳಿಸಿ ಪರೇಲಿನಲ್ಲಿದ್ದ ಪತ್ನಿ ರಮಾಬಾಯಿಯವರಿಗೆ ಕಳುಹಿಸುತ್ತಿದ್ದರು. ಊರಿನ ಮನೆಗೆ ಮನಿಯಾರ್ಡರ್ ಮಾಡಿ ಉಳಿದುದರಲ್ಲಿ ಬದುಕಿದ ನಮ್ಮ ಹಿಂದಿನ ತಲೆಮಾರಿನವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

1915ರಲ್ಲಿ ಎಂ.ಎ. ಆಯಿತು. ಪಿಎಚ್.ಡಿ. ಪ್ರಬಂಧವೂ ಬರೆದಾಯಿತು. 1916ರ ಅಕ್ಟೋಬರಿನಲ್ಲಿ ಲಂಡನ್ನಿಗೆ ಬಂದು ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ಗೂ ಬ್ಯಾರಿಸ್ಟರ್ ಪದವಿಗಾಗಿ ಗ್ರೇಸ್ ಇನ್‌ಗೂ ಸೇರಿದರು. ಅಷ್ಟರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಬರೋಡದ ದಿವಾನರಿಂದ ಮರಳಿ ಬರುವಂತೆ ಆದೇಶ ಬಂತು. ಹೊರಡುವ ಮುನ್ನ ಪ್ರೊ. ಎಡ್ವಿನ್ ಕ್ಯಾನನ್ ಅವರ ಶಿಫಾರಸಿನಿಂದ ವಿಶ್ವವಿದ್ಯಾಲಯದ ಒಂದು ಅನುಮತಿಯನ್ನು ಮಾತ್ರ ಪಡೆದುಕೊಂಡರು: 1917ರ ಅಕ್ಟೋಬರಿನಿಂದ ನಾಲ್ಕು ವರ್ಷದೊಳಗೆ ಹಿಂತಿರುಗಿದರೆ ಬಿಟ್ಟಲ್ಲಿಂದ ಓದು ಮುಂದುವರಿಸಬಹುದು. ಮುಂದಿನದೆಲ್ಲ ನಿಂತದ್ದು ಈ ಒಂದು ಕಾಗದದ ಮೇಲೆ.

ಅದು ಮಹಾಯುದ್ಧದ ಕಾಲ. ಬೇರೆ ಹಡಗಿನಲ್ಲಿ ಕಳುಹಿಸಿದ್ದ ಪುಸ್ತಕ, ಸಾಮಾನು ಶತ್ರುಗಳ ದಾಳಿಗೆ ಸಿಕ್ಕಿ ಸಮುದ್ರದ ಪಾಲಾಯಿತು. ಕರಾರಿನಂತೆ ಬರೋಡಕ್ಕೆ ಹೋದರೆ, ಕೊಲಂಬಿಯಾದ ಎಂ.ಎ. ಪದವೀಧರನಿಗೆ ಊರಿನಲ್ಲಿ ಇರಲು ಮನೆ ಸಿಗಲಿಲ್ಲ. ಕಚೇರಿಯ ಜವಾನರು ಫೈಲುಗಳನ್ನು ದೂರದಿಂದ ಎಸೆದರು. ಹೆಸರು ಮರೆಸಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದ ಗುಂಪು ಸಂಜೆಯೊಳಗೆ ಖಾಲಿ ಮಾಡಲು ಬೆದರಿಸಿತು. ಸಾರ್ವಜನಿಕ ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬಯಿಗೆ ಮರಳಿದರು. ಹತ್ತು ವರ್ಷದ ಕರಾರು ಹೀಗೆ ದಿನಗಳಲ್ಲಿ ಮುರಿಯಿತು. ತಪ್ಪು ಯಾರದೇ ಇರಲಿ, ಸಂಸ್ಥಾನದ ಲೆಕ್ಕಪುಸ್ತಕದಲ್ಲಿ ಅದು ಬಾಕಿ ಸಾಲವಾಗಿಯೇ ಉಳಿಯಿತು. ಲೆಕ್ಕಪುಸ್ತಕಕ್ಕೆ ವಸತಿಗೃಹದ ಸಂಗತಿ ಗೊತ್ತಿರುವುದಿಲ್ಲ. ಇದನ್ನು ನನ್ನ ಕಸುಬಿನ ಅನುಭವದಿಂದಲೇ ಹೇಳುತ್ತಿದ್ದೇನೆ.

ಮುಂಬಯಿಯಲ್ಲಿ ಮನೆಪಾಠ ಹೇಳಿದರು. ಷೇರು ವ್ಯವಹಾರದ ಸಲಹೆ ಕೊಡುವ ಕಚೇರಿ ತೆರೆದರು; ಜಾತಿ ತಿಳಿದ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು. ಕೊನೆಗೆ 1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ಕಾಮರ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಹುದ್ದೆ ದೊರೆಯಿತು. ಸಂಬಳ ತಿಂಗಳಿಗೆ 450 ರೂ. ಆ ಕಾಲಕ್ಕೆ ಅದು ಒಳ್ಳೆಯ ಸಂಬಳ, ಸರಕಾರಿ ಕೆಲಸ. ಅಲ್ಲಿಗೇ ನೆಮ್ಮದಿಯಾಗಿ ಕುಳಿತಿದ್ದರೆ ಯಾರೂ ಏನೂ ಹೇಳುತ್ತಿರಲಿಲ್ಲ. ಆದರೆ ಲಂಡನ್ನಿನ ನಾಲ್ಕು ವರ್ಷದ ಗಡುವು ಓಡುತ್ತಲೇ ಇತ್ತು. ಪ್ರೊಫೆಸರರ ಸಂಸಾರ ಚಾಳಿನಲ್ಲೇ ಮುಂದುವರಿಯಿತು. ಸಂಬಳದಲ್ಲಿ ಒಂದು ಪಾಲು ರಮಾಬಾಯಿಯವರ ಕೈಗೆ, ಉಳಿದದ್ದು ಲಂಡನ್ ಗಂಟಿಗೆ. ಆ ಹಿಡಿತದಲ್ಲಿ ಮನೆ ನಡೆಸಿದ ಆ ತಾಯಿ ಹೆತ್ತ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬನೇ. ಬಾಬಾಸಾಹೇಬರ ಪದವಿಗಳ ಪಟ್ಟಿ ಓದುವಾಗ ಇದನ್ನೂ ನೆನೆಯಬೇಕು.

1920ರ ಮಾರ್ಚ್‌ನಲ್ಲಿ ಕೆಲಸ ಬಿಟ್ಟು ಜುಲೈಯಲ್ಲಿ ಹೊರಟರು. ಆಗ ಕೈಯಲ್ಲಿದ್ದ ಹಣ ಮೂರು ಬಗೆಯದು. ಸ್ವಂತ ಉಳಿತಾಯ ಒಂದು. ಕೊಲ್ಲಾಪುರದ ಶಾಹು ಮಹಾರಾಜರು ಕೊಟ್ಟ 1,500 ರೂ. ಇನ್ನೊಂದು. ಗೆಳೆಯ ನವಲ್ ಭಥೇನಾ ಕೊಟ್ಟ 5,000 ರೂ. ಸಾಲ ಮೂರನೆಯದು. ಐದು ಸಾವಿರವೆಂದರೆ ಅವರ ಹನ್ನೊಂದು ತಿಂಗಳ ಸಂಬಳಕ್ಕೂ ಮಿಗಿಲು. ಆ ಸಂಬಳವನ್ನಾದರೂ ಬಿಟ್ಟೇ ಹೊರಟವರು. ನಮ್ಮ ಯಾವ ಮ್ಯಾನೇಜರೂ ಈ ಸಾಲಕ್ಕೆ ಸಹಿ ಹಾಕುತ್ತಿರಲಿಲ್ಲ.

ಲಂಡನ್ನಿನ ಎರಡನೆಯ ವಾಸ ಬಹಳ ಬಿಗಿಯದು. ಬೆಳಿಗ್ಗೆ ಒಂದು ತುಂಡು ಬ್ರೆಡ್ಡು ತಿಂದು ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯ ಸೇರಿದರೆ ಬಾಗಿಲು ಹಾಕುವವರೆಗೆ ಏಳುತ್ತಿರಲಿಲ್ಲ. ರಾತ್ರಿ ಹಸಿವಾದರೆ ಸುಟ್ಟ ಹಪ್ಪಳ. 1921ರಲ್ಲಿ ಎಂ.ಎಸ್ಸಿ., 1922ರಲ್ಲಿ ಬ್ಯಾರಿಸ್ಟರ್ ಪದವಿ ಕೈಸೇರಿತು. ರೂಪಾಯಿಯ ಸಮಸ್ಯೆಯ ಕುರಿತ ಡಿ.ಎಸ್ಸಿ. ಪ್ರಬಂಧವನ್ನು ಸಲ್ಲಿಸಿದಾಗ, ಅದರಲ್ಲಿದ್ದ ಬ್ರಿಟಿಷ್ ಆಡಳಿತದ ಟೀಕೆಯಿಂದಾಗಿ ಪರೀಕ್ಷಕರು ತಿದ್ದಿ ಬರೆಯಲು ಹೇಳಿದರು. ಕೈಯಲ್ಲಿ ಹಣ ಮುಗಿದಿತ್ತು. 1923ರ ಎಪ್ರಿಲ್‌ನಲ್ಲಿ ಮುಂಬಯಿಗೆ ಮರಳಿ, ಇಲ್ಲಿಂದಲೇ ತಿದ್ದಿ ಕಳುಹಿಸಿದರು. ಆ ವರ್ಷದ ಕೊನೆಗೆ ಪದವಿ ಬಂತು. ಆಗ ವಯಸ್ಸು 32. ಆ ಪುಸ್ತಕವನ್ನು ಅರ್ಪಿಸಿದ್ದು ತಂದೆ-ತಾಯಿಗೆ. 1925ರಲ್ಲಿ ಅವರು ಭಾರತೀಯ ಚಲಾವಣೆಯ ರಾಯಲ್ ಕಮಿಷನ್ ಮುಂದೆ ಸಾಕ್ಷ್ಯ ನುಡಿದರು. ರಿಸರ್ವ್ ಬ್ಯಾಂಕ್ ಹುಟ್ಟಿದ್ದೇ ಅವರಿಂದ ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಮಾಡಿದ್ದೇ ಸಾಕಷ್ಟಿದೆ.

ಹೈಕೋರ್ಟಿನಲ್ಲಿ ವಕೀಲಿ ಮಾಡುವ ಸನದಿಗೆ ಕಟ್ಟಲೂ ಹಣವಿರಲಿಲ್ಲ, ಅದಕ್ಕೂ ಭಥೇನಾರೇ ಒದಗಿದರು. ಕಕ್ಷಿದಾರರು ಬರುವುದು ಕಡಿಮೆಯಿದ್ದ ಆ ದಿನಗಳಲ್ಲಿ, 1925ರಿಂದ 1928ರವರೆಗೆ, ಬಾಟ್ಲಿಬಾಯ್ ಅಕೌಂಟೆನ್ಸಿ ತರಬೇತಿ ಸಂಸ್ಥೆಯಲ್ಲಿ ಅರೆಕಾಲಿಕ ಉಪನ್ಯಾಸಕರಾಗಿ ವಾಣಿಜ್ಯ ಕಾನೂನು ಕಲಿಸಿದರು. ಕಾಮರ್ಸ್ ಓದಿದ ನನ್ನಂಥವರಿಗೆ ಇದು ಖುಷಿಯ ಸಂಗತಿ. ಈ ನಡುವೆ ಬರೋಡದಿಂದ ವಿದ್ಯಾರ್ಥಿವೇತನದ ಹಣ ಮರಳಿಸುವಂತೆ ಪತ್ರಗಳು ಬರುತ್ತಿದ್ದವು. ತೀರಿಸುವ ಸ್ಥಿತಿ ಅವರದಾಗಿರಲಿಲ್ಲ. ಆದರೂ ಕೊಲಂಬಿಯಾದ ಪಿಎಚ್.ಡಿ. ಪ್ರಬಂಧ 1925ರಲ್ಲಿ ಪುಸ್ತಕವಾದಾಗ ಅದನ್ನು ಕೃತಜ್ಞತೆಯಿಂದ ಅರ್ಪಿಸಿದ್ದು ಸಯಾಜಿರಾವ್ ಮಹಾರಾಜರಿಗೇ. ಅಚ್ಚಾದ ಪ್ರತಿಗಳನ್ನು ಸಲ್ಲಿಸಿ ಪಿಎಚ್.ಡಿ. ಪಡೆದದ್ದು 1927ರಲ್ಲಿ, ನ್ಯೂಯಾರ್ಕ್ ಬಿಟ್ಟು ಹನ್ನೊಂದು ವರ್ಷಗಳಾದ ಮೇಲೆ.

ಹೀಗೆ ದಾನ, ಕರಾರು, ಕೈಗಡ, ಉಳಿತಾಯ ಎಲ್ಲದರ ರುಚಿ ಕಂಡವರು ಬೇರೆಯವರ ಓದಿಗೆ ಏರ್ಪಾಡು ಮಾಡಲು ಹೊರಟರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿ ಮರುವರ್ಷ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆದರು. 1928ರಲ್ಲಿ ಆರಂಭಿಸಿದ ದಲಿತ ವರ್ಗಗಳ ಶಿಕ್ಷಣ ಸಂಸ್ಥೆಯ ಮೂಲಕ ನಡೆದ ವಿದ್ಯಾರ್ಥಿನಿಲಯಗಳಲ್ಲಿ ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡದ್ದೂ ಒಂದು. 1942ರಲ್ಲಿ ವೈಸರಾಯರ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದ ಮೇಲೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಉನ್ನತ ಶಿಕ್ಷಣಕ್ಕೆ ಸರಕಾರದಿಂದ 3 ಲಕ್ಷ ರೂಪಾಯಿ ಕೊಡಿಸಿದರು. 1944ರಲ್ಲಿ ಆರಂಭವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಂದಿಗೂ ನಡೆಯುತ್ತಿದೆ. ಪರಿಶಿಷ್ಟ ಜಾತಿಯವರಿಗೆ ಅದರ ಕುಟುಂಬ ಆದಾಯದ ಮಿತಿ ವರ್ಷಕ್ಕೆ ಎರಡೂವರೆ ಲಕ್ಷ ರೂ. ಕಾಲೇಜಿನ ಸಂಬಳ ಬಿಡಿಸಿಕೊಡುವ ಈ ಯೋಜನೆ ನಮ್ಮ ಎಷ್ಟೋ ಮನೆಗಳಿಗೆ ಇನ್ನೂ ಗೊತ್ತಿಲ್ಲ, ಅರ್ಜಿ ಹಾಕುವವರೂ ಕೊನೆಯ ದಿನದವರೆಗೆ ಕಾಯುತ್ತಾರೆ. ಶಿಕ್ಷಣ ಸಾಲದ ವಿಷಯವೂ ಹಾಗೆಯೇ: ಏಳೂವರೆ ಲಕ್ಷದವರೆಗೆ ಕೇಂದ್ರದ ಗ್ಯಾರಂಟಿ ಯೋಜನೆಯಡಿ ಅಡಮಾನವಿಲ್ಲದೆ ಸಾಲ ಸಿಗುತ್ತದೆಂದು ತಿಳಿಯದೆ ಊರಿನ ಜಾಗದ ಪತ್ರ ಹಿಡಿದು ಬರುವವರನ್ನು ಕೌಂಟರಿನಲ್ಲಿ ನೋಡಿದ್ದೇನೆ.

ಆದರೆ ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆ ಬೇರೆಯೇ. 1945ರ ಜುಲೈಯಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿ, 1946ರ ಜೂನ್ 20ರಂದು ಸಿದ್ಧಾರ್ಥ ಕಾಲೇಜನ್ನು ತೆರೆದರು. ಶುರುವಾದದ್ದು ಮರೀನ್ ಲೈನ್ಸ್ ಬಳಿಯ ಯುದ್ಧಕಾಲದ ಬ್ಯಾರಕ್‌ಗಳಲ್ಲಿ, ಆಮೇಲೆ ಕೋಟೆಯ ಕಟ್ಟಡಗಳಿಗೆ ಬಂತು. ಅಲ್ಲಿ ಬೆಳಗಿನ ತರಗತಿಗಳನ್ನಿಟ್ಟರು, ನೌಕರಿಯವರು ಪಾಠ ಮುಗಿಸಿ ಕಚೇರಿಗೆ ಹೋಗಬಹುದಾದ ಹೊತ್ತಿಗೆ. ಹಣದ ನೆರವಿನಷ್ಟೇ ದೊಡ್ಡದು ಈ ಹೊತ್ತಿನ ನೆರವು. ದುಡಿಯುವವನಿಗೆ ವಿದ್ಯಾರ್ಥಿವೇತನ ಸಿಕ್ಕರೂ ಹನ್ನೊಂದು ಗಂಟೆಯ ಪಾಠಕ್ಕೆ ಅವನು ಹೋಗುವುದು ಹೇಗೆ? ಹೋಟೆಲುಗಳಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕೋಟೆಯ ಕಚೇರಿಗಳಲ್ಲಿ ಗುಮಾಸ್ತಿಕೆ ಹಿಡಿದ ನಮ್ಮ ಹಿರಿಯರಲ್ಲಿ ಸಿದ್ಧಾರ್ಥದ ಮೆಟ್ಟಿಲು ಹತ್ತಿ ಪದವೀಧರರಾದವರು ಹಲವರು. ಅಲ್ಲಿ ಅವರನ್ನು ಪೂರ್ಣಾವಧಿಯೇ ಎಂದು ಯಾರೂ ಕೇಳಲಿಲ್ಲ. ನಮ್ಮ ಅರ್ಜಿಯ ಆ ಕಾಲಂ ತೆಗೆಯೋಣವೆಂದು ಈ ಸಲದ ಸಮಿತಿ ಸಭೆಯಲ್ಲಿ ನಾನು ಹೇಳಿದ್ದೇನೆ. ದುಡಿಯುವವರಿಗೆ ಸಂಬಳವಿದೆಯಲ್ಲ ಎಂದರು ಒಬ್ಬರು. 450 ರೂಪಾಯಿ ಸಂಬಳದ ಪ್ರೊಫೆಸರರಿಗೆ ಶಾಹು ಮಹಾರಾಜರು 1,500 ಕೊಟ್ಟದ್ದನ್ನು ಹೇಳಿದೆ. ವಿಷಯ ಮುಂದಿನ ಸಭೆಗೆ ಹೋಗಿದೆ.

1950ರಲ್ಲಿ ಔರಂಗಾಬಾದಿನ ಕಾಲೇಜು, 1953ರಲ್ಲಿ ಸಿದ್ಧಾರ್ಥ ಕಾಮರ್ಸ್ ಕಾಲೇಜು, 1956ರ ಜೂನ್‌ನಲ್ಲಿ ಕಾನೂನು ಕಾಲೇಜು ಆರಂಭವಾದವು. ಆ ಹೊತ್ತಿಗೆ ಮಧುಮೇಹ ಅವರನ್ನು ಹಣ್ಣು ಮಾಡಿತ್ತು. 1956ರ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ತೀರಿಕೊಂಡರು, ಮರುದಿನ ದಾದರಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಮೆಟ್ರಿಕ್ ಹುಡುಗನಾಗಿದ್ದಾಗ ಕೇಳುಸ್ಕರರಿಂದ ಪಡೆದದ್ದು ಬುದ್ಧನ ಪುಸ್ತಕ. ಕೊನೆಯ ದಿನಗಳಲ್ಲಿ ಅವರ ಮೇಜಿನ ಮೇಲಿದ್ದದ್ದೂ ಬುದ್ಧ ಮತ್ತು ಅವನ ಧಮ್ಮದ ಕುರಿತು ತಾವೇ ಬರೆದದ್ದು. 1957ರಲ್ಲಿ ಅದನ್ನು ಪ್ರಕಟಿಸಿದ್ದು ಸಿದ್ಧಾರ್ಥ ಕಾಲೇಜಿನ ಪ್ರಕಾಶನ.