ಎದೆನೋವಿನ ಲೆಡ್ಜರ್ ಬರೆದ ವೈದ್ಯ

ಗುಬ್ಬಿಯಲ್ಲಿರುವ ನಮ್ಮ ದಾದಾಗೆ ಕಳೆದ ವರ್ಷ ಒಂದು ನೋವು ಶುರುವಾಯಿತು. ಕೂತಿದ್ದರೆ ಏನೂ ಇಲ್ಲ. ಊಟ ಮಾಡಿ ಮಸೀದಿಗೆ ಹೊರಟರೆ ಅರ್ಧ ದಾರಿಯಲ್ಲಿ ಎದೆ ಹಿಡಿದುಕೊಳ್ಳುತ್ತಿತ್ತು, ನಿಂತರೆ ಹೋಗುತ್ತಿತ್ತು. ಮನೆಯವರೆಲ್ಲ ಗ್ಯಾಸ್ ಎಂದೆವು. ಸೋಡಾ ತಂದುಕೊಟ್ಟವನು ನಾನೇ. ಕುಣಿಗಲ್‌ನಲ್ಲಿ ಫೂಫಿಯ ಮಗಳ ಮದುವೆಯ ದಿನ ಬಿರಿಯಾನಿ ಉಂಡು ಬಸ್‌ಸ್ಟ್ಯಾಂಡಿಗೆ ನಡೆಯುವಾಗ ದಾದಾ ಮೂರು ಸಲ ನಿಂತರು. ಅಂಗಡಿ ನೋಡುತ್ತಿದ್ದಾರೆ ಅಂದುಕೊಂಡೆ. ಅದು ನೆಪ ಎಂದು ಆಮೇಲೆ ಗೊತ್ತಾಯಿತು.

ತುಮಕೂರಿನ ಡಾಕ್ಟರು ಮೊದಲು ಕೇಳಿದ್ದು ಮೂರೇ ಪ್ರಶ್ನೆ. ನಡೆದರೆ ಬರುತ್ತದೆಯೇ, ನಿಂತರೆ ಹೋಗುತ್ತದೆಯೇ, ಊಟದ ಮೇಲೆ ಹೆಚ್ಚೇ. ಇಸಿಜಿ ಎಲ್ಲ ಆಮೇಲೆ. ಈ ಪ್ರಶ್ನೆಗಳು ಎಲ್ಲಿಂದ ಬಂದವೆಂದು ಹುಡುಕಿದಾಗ ಸಿಕ್ಕವರು ವಿಲಿಯಂ ಹೆಬರ್ಡನ್.

ಹೆಬರ್ಡನ್ ಹುಟ್ಟಿದ್ದು 1710ರಲ್ಲಿ, ಲಂಡನ್ನಿನಲ್ಲಿ. ಕೇಂಬ್ರಿಜ್‌ನಲ್ಲಿ ಓದಿ, ಅಲ್ಲೇ ಕೆಲವು ವರ್ಷ ವೈದ್ಯರಾಗಿದ್ದು, 1748ರಲ್ಲಿ ಲಂಡನ್ನಿಗೆ ಮರಳಿದರು. ಚಿಕನ್‌ಪಾಕ್ಸ್ ಬೇರೆ, ಸಿಡುಬು ಬೇರೆ ಎಂದು ಸ್ಪಷ್ಟವಾಗಿ ಬರೆದವರೂ ಇವರೇ. ನನಗೆ ಹಿಡಿಸಿದ್ದು ಅವರು ಕೆಲಸ ಮಾಡಿದ ರೀತಿ. ರೋಗಿಯ ಪಕ್ಕದಲ್ಲೇ ಕೂತು ಕಂಡದ್ದನ್ನು ಬರೆದುಕೊಳ್ಳುತ್ತಿದ್ದರು. ತಿಂಗಳ ಕೊನೆಗೆ ಅದರಲ್ಲಿ ಉಪಯೋಗವಾಗುವುದನ್ನು ಆಯ್ದು, ಇನ್ನೊಂದು ಪುಸ್ತಕದಲ್ಲಿ ಆಯಾ ರೋಗದ ಹೆಸರಿನ ಕೆಳಗೆ ದಾಖಲಿಸುತ್ತಿದ್ದರು. ಕಾಮರ್ಸ್ ಗೆಳೆಯರಿಗೆ ಬಿಡಿಸಿ ಹೇಳಬೇಕಿಲ್ಲ. ಜರ್ನಲ್‌ನಿಂದ ಲೆಡ್ಜರಿಗೆ ಪೋಸ್ಟಿಂಗ್ ಮಾಡುವುದೆಂದರೆ ಇದೇ.

ಹೀಗೆ ಬರೆಯುತ್ತಾ ಹೋದಾಗ ಒಂದು ಖಾತೆ ಬೆಳೆಯಿತು. ನಡೆಯುವಾಗ, ಅದರಲ್ಲೂ ಏರು ದಾರಿಯಲ್ಲಿ, ಊಟವಾದ ಮೇಲೆ ಎದೆ ಹಿಸುಕಿದಂತಾಗಿ ಪ್ರಾಣವೇ ಹೋಗುತ್ತದೆ ಎನಿಸುವುದು. ನಿಂತ ಕೂಡಲೇ ಎಲ್ಲ ಸರಿಹೋಗುವುದು. 1768ರ ಜುಲೈ 21ರಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಇದನ್ನು ಓದಿ, ಆಂಜೈನಾ ಪೆಕ್ಟೋರಿಸ್ ಎಂದು ಹೆಸರಿಟ್ಟರು. ಅದು ಅಚ್ಚಾದದ್ದು 1772ರಲ್ಲಿ.

ಅದನ್ನು ಓದಿದ ಒಬ್ಬರು ಹೆಸರು ಹಾಕದೆ ಅವರಿಗೆ ಕಾಗದ ಬರೆದರು. ತನಗೂ ಇದೇ ನೋವಿದೆ, ಹಠಾತ್ತಾಗಿ ಸತ್ತರೆ ದೇಹವನ್ನು ಕೊಯ್ದು ಕಾರಣ ಹುಡುಕಿ ಎಂಬುದು ಅವರ ಇಚ್ಛೆ. ಮೂರು ವಾರದೊಳಗೆ ಅವರು ತೀರಿಕೊಂಡರು. ಪ್ರಸಿದ್ಧ ಸರ್ಜನ್ ಜಾನ್ ಹಂಟರ್ ಶವ ಪರೀಕ್ಷೆ ಮಾಡಿದರು. ಹೃದಯಕ್ಕೇ ರಕ್ತ ಕೊಡುವ ಕರೊನರಿ ರಕ್ತನಾಳಗಳನ್ನು ಮಾತ್ರ ನೋಡಲಿಲ್ಲ, ಕಾರಣ ಸಿಗಲಿಲ್ಲ. ಮುಂದೆ ಹಂಟರ್‌ಗೇ ಆ ನೋವು ಬಂತು. ಅವರ ಶಿಷ್ಯ, ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್, ಅಷ್ಟರಲ್ಲಿ ಇನ್ನೊಬ್ಬ ರೋಗಿಯ ಆ ನಾಳಗಳು ಗಟ್ಟಿಯಾಗಿದ್ದುದನ್ನು ಕಂಡಿದ್ದರು. ಗುರುಗಳಿಗೆ ಹೇಳಲು ಮನಸ್ಸು ಬರಲಿಲ್ಲ. 1793ರಲ್ಲಿ ಹಂಟರ್ ತೀರಿಕೊಂಡಾಗ ಅವರ ನಾಳಗಳೂ ಹಾಗೇ ಇದ್ದವು. ಈ ಭಾಗ ಓದುವಾಗ ನನಗೆ ಸೋಡಾ ಬಾಟಲಿ ನೆನಪಾಯಿತು.

ಹೆಬರ್ಡನ್ ಕೂಡ ರಕ್ತನಾಳದ ಕಾರಣವನ್ನು ಕಂಡುಹಿಡಿಯಲಿಲ್ಲ, ಅದು ಸೆಳೆತವಿರಬೇಕೆಂದು ತಿಳಿದಿದ್ದರು. ಚಿಕಿತ್ಸೆಯ ಬಗ್ಗೆ ತನ್ನ ಬಳಿ ಹೇಳುವುದು ಹೆಚ್ಚೇನೂ ಇಲ್ಲ ಎಂದು ಒಪ್ಪಿಕೊಂಡರು. ಗೊತ್ತಿರುವಂತೆ ನಟಿಸಿದ್ದರೂ ಆ ಕಾಲದಲ್ಲಿ ಯಾರು ಕೇಳುತ್ತಿದ್ದರು? ಆದರೂ ಒಂದು ಎಂಟ್ರಿ ಬರೆದಿಟ್ಟರು: ದಿನಾ ಅರ್ಧ ಗಂಟೆ ಮರ ಕೊಯ್ಯುತ್ತಿದ್ದ ಒಬ್ಬ ರೋಗಿ ಬಹುಮಟ್ಟಿಗೆ ಗುಣವಾದ. ಇಂದಿನ ಹೃದಯ ವೈದ್ಯರೂ ರೋಗಿಗೆ ತಕ್ಕಷ್ಟು ವ್ಯಾಯಾಮ ಹೇಳುತ್ತಾರೆ.

ಕೊನೆಗೆ ಆ ಖಾತೆಯಲ್ಲಿ ಸುಮಾರು 100 ರೋಗಿಗಳಿದ್ದರು. ಹೆಚ್ಚಿನವರು 50 ವರ್ಷದ ಆಸುಪಾಸಿನ ಅಥವಾ ಅದನ್ನು ದಾಟಿದ ಗಂಡಸರು, ಹೆಂಗಸರು ಮೂವರೇ. ಇಲ್ಲಿ ನನಗೊಂದು ಅನುಮಾನ. ಅಂಗಡಿಗೆ ಬಂದ ಗಿರಾಕಿಯ ಲೆಕ್ಕ ಮಾತ್ರ ಪುಸ್ತಕದಲ್ಲಿರುತ್ತದೆ. ಹೆಂಗಸರಿಗೆ ಈ ನೋವು ಬರಲಿಲ್ಲವೋ, ಅವರನ್ನು ಡಾಕ್ಟರ ಬಳಿ ಕರೆತರಲಿಲ್ಲವೋ? ನಮ್ಮ ದಾದಿ ಸುಸ್ತು ಎಂದರೆ ಈಗಲೂ ನಾವು ಮಲಗಿ ಎನ್ನುತ್ತೇವೆ.

ಈ ಬರಹಗಳ ಪುಸ್ತಕ ಹೊರಬಂದದ್ದು 1802ರಲ್ಲಿ. ಅದರ ಹಿಂದಿನ ವರ್ಷ ಹೆಬರ್ಡನ್ 90ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ದಾದಾಗೆ ಬೆಂಗಳೂರಿನಲ್ಲಿ ಆಂಜಿಯೋಗ್ರಾಮ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಈಗ ಮಸೀದಿಗೆ ನಡೆದೇ ಹೋಗುತ್ತಾರೆ. ಪ್ರತಿ ಭಾನುವಾರ ನಾನು ಗುಬ್ಬಿಗೆ ಹೋಗಿ ಎಷ್ಟು ದೂರ ನಡೆದರು, ಊಟಕ್ಕೆ ಮೊದಲೋ ಆಮೇಲೋ, ಎಲ್ಲಾದರೂ ನಿಂತರೋ ಎಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ದಾದಾ ಅದಕ್ಕೆ ಉದ್ರಿ ಪುಸ್ತಕ ಎನ್ನುತ್ತಾರೆ. ದಾದಿಯ ಹೆಸರಿನಲ್ಲೂ ಒಂದು ಪುಟ ತೆರೆದಿದ್ದೇನೆ.