ತಾನು ಯಾರೆಂಬುದನ್ನು ಮರೆತ ದೊರೆ: ಫ್ರಾನ್ಸ್ ದೇಶದ ಆರನೇ ಚಾರ್ಲ್ಸ್

ಫ್ರಾನ್ಸ್ ದೇಶದ ಅರಸನಾದ ಆರನೇ ಚಾರ್ಲ್ಸ್ 1368ರ ಡಿಸೆಂಬರ್ 3ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ಐದನೇ ಚಾರ್ಲ್ಸ್ 1380ರಲ್ಲಿ ನಿಧನ ಹೊಂದಿದಾಗ ಬಾಲಕನಿಗೆ ಇನ್ನೂ ಹನ್ನೆರಡು ವರ್ಷ ತುಂಬಿರಲಿಲ್ಲ. ಎಂಟು ವರ್ಷಗಳ ಕಾಲ ಆಡಳಿತವು ಮುಖ್ಯವಾಗಿ ಚಿಕ್ಕಪ್ಪಂದಿರ ಕೈಯಲ್ಲಿತ್ತು. 1385ರಲ್ಲಿ ಬವೇರಿಯಾದ ಇಸಾಬೊಳೊಂದಿಗೆ ವಿವಾಹವಾಯಿತು. 1388ರಲ್ಲಿ ಯುವ ಅರಸನು ಚಿಕ್ಕಪ್ಪಂದಿರನ್ನು ದೂರವಿರಿಸಿ, ತಂದೆಯ ಕಾಲದ ಅನುಭವಿ ಅಧಿಕಾರಿಗಳನ್ನು ಮರಳಿ ಕರೆಸಿಕೊಂಡನು. ಪ್ರಜೆಗಳಿಂದ ಪ್ರೀತಿಪಾತ್ರ ಚಾರ್ಲ್ಸ್ ಎಂಬ ಹೆಸರನ್ನೂ ಪಡೆದನು.

1392ರ ಆಗಸ್ಟ್ 5ರಂದು, ಸುಡುಬಿಸಿಲಿನಲ್ಲಿ ಸೈನ್ಯದೊಡನೆ ಲೆ ಮಾನ್ ನಗರದ ಸಮೀಪದ ಕಾಡನ್ನು ದಾಟುತ್ತಿದ್ದಾಗ, ಸೇವಕನೊಬ್ಬನ ಕೈಯಿಂದ ಜಾರಿದ ಈಟಿಯು ಶಿರಸ್ತ್ರಾಣಕ್ಕೆ ತಗುಲಿ ಸದ್ದಾಯಿತು. ಅರಸನು ಖಡ್ಗವನ್ನು ಹಿರಿದು, ಶತ್ರುಗಳೆಂದು ಭ್ರಮಿಸಿ ತನ್ನವರ ಮೇಲೆಯೇ ಎರಗಿದನು. ಕೆಲವರು ಹತರಾದರು. ಹಿಡಿದು ಮಲಗಿಸಿದ ನಂತರ ಅರಸನು ಪ್ರಜ್ಞೆಯಿಲ್ಲದೆ ಬಿದ್ದಿದ್ದನು. ಗಿಯೋಮ್ ದ ಹಾರ್ಸಿನ್ಯಿ ಎಂಬ ವಯೋವೃದ್ಧ ವೈದ್ಯನ ಆರೈಕೆಯಿಂದ ಕೆಲವೇ ವಾರಗಳಲ್ಲಿ ಚೇತರಿಕೆ ಕಂಡಿತು. ರಾಜ್ಯಭಾರದ ಚಿಂತೆಯನ್ನು ಅರಸನ ಮೇಲೆ ಹೇರಬಾರದೆಂದು ವೈದ್ಯನು ಸೂಚಿಸಿದ್ದನು. ಆ ಕಾಲದ ಚಿಕಿತ್ಸಾ ಕ್ರಮಗಳಲ್ಲಿ ಇದಕ್ಕಿಂತ ವಿವೇಕಯುತವಾದ ಸಲಹೆಯು ಅರಸನಿಗೆ ಮತ್ತೆ ದೊರೆತಂತೆ ಕಾಣುವುದಿಲ್ಲ.

1393ರ ಜೂನ್ ತಿಂಗಳಿನಲ್ಲಿ ಕಾಯಿಲೆಯು ಮರುಕಳಿಸಿತು. ಈ ಬಾರಿ ಅರಸನು ತನ್ನ ಹೆಸರನ್ನೇ ಮರೆತನು. ತಾನು ಅರಸನಲ್ಲವೆಂದನು, ತನಗೆ ಮದುವೆಯಾಗಿಲ್ಲವೆಂದನು. ರಾಣಿಯು ಎದುರಿಗೆ ಬಂದರೆ ಆಕೆ ಯಾರೆಂದು ಕೇಳುತ್ತಿದ್ದನು. ಗೋಡೆ, ಪಾತ್ರೆಗಳ ಮೇಲಿನ ರಾಜಲಾಂಛನವನ್ನು ಕಂಡಲ್ಲೆಲ್ಲ ಕೆರೆದು ಅಳಿಸಲು ಯತ್ನಿಸುತ್ತಿದ್ದನು. ಮುಂದೊಮ್ಮೆ ತನ್ನ ಹೆಸರು ಜಾರ್ಜ್ ಎಂದೂ, ಖಡ್ಗದಿಂದ ಇರಿಯಲ್ಪಟ್ಟ ಸಿಂಹವೇ ತನ್ನ ಲಾಂಛನವೆಂದೂ ಹೇಳಿಕೊಂಡನು. ತನ್ನ ದೇಹವು ಗಾಜಿನದೆಂದೂ, ಯಾರಾದರೂ ಮುಟ್ಟಿದರೆ ಒಡೆದುಹೋಗುವುದೆಂದೂ ಅರಸನು ಭಯಪಡುತ್ತಿದ್ದ ಸಂಗತಿಯನ್ನು ಎರಡನೇ ಪಿಯುಸ್ ಪೋಪ್ ತನ್ನ ಬರಹದಲ್ಲಿ ದಾಖಲಿಸಿದ್ದಾನೆ. ಈ ಕಾಯಿಲೆಯು ಸ್ಕಿಜೋಫ್ರೇನಿಯಾ ಎಂದು ಕೆಲವರೂ, ಬೈಪೋಲಾರ್ ಅಸ್ವಸ್ಥತೆ ಎಂದು ಇನ್ನು ಕೆಲವರೂ ಅಭಿಪ್ರಾಯಪಟ್ಟಿದ್ದಾರೆ. ಆರು ಶತಮಾನಗಳ ನಂತರ ರೋಗನಿರ್ಣಯವನ್ನು ಖಚಿತವಾಗಿ ಮಾಡಲು ಸಾಧ್ಯವಿಲ್ಲ.

ಗಮನಿಸಬೇಕಾದ ಅಂಶವೆಂದರೆ ಕಾಯಿಲೆಯು ನಿರಂತರವಾಗಿರಲಿಲ್ಲ. ತಿಂಗಳುಗಟ್ಟಲೆ ಅರಸನು ಸ್ವಸ್ಥನಾಗಿರುತ್ತಿದ್ದನು. 1396ರಲ್ಲಿ ಇಂಗ್ಲೆಂಡಿನ ಎರಡನೇ ರಿಚರ್ಡನನ್ನು ಸ್ವತಃ ಭೇಟಿಯಾಗಿ, ತನ್ನ ಮಗಳನ್ನು ಅವನಿಗೆ ಧಾರೆಯೆರೆದು ಒಪ್ಪಿಸಿದನು. 1400ರಲ್ಲಿ ಬೈಜಾಂಟಿಯಂ ಚಕ್ರವರ್ತಿ ಎರಡನೇ ಮ್ಯಾನುಯೆಲ್‌ನನ್ನು ಪ್ಯಾರಿಸ್ಸಿನಲ್ಲಿ ಬರಮಾಡಿಕೊಂಡನು. ಆದರೆ ಅರಸನು ಅಸ್ವಸ್ಥನಾದಾಗ ಅವನ ಪರವಾಗಿ ತೀರ್ಮಾನ ಕೈಗೊಳ್ಳುವವರು ಯಾರೆಂಬುದಕ್ಕೆ ಎಲ್ಲರೂ ಒಪ್ಪಿದ ವ್ಯವಸ್ಥೆಯೊಂದು ನೆಲೆಗೊಳ್ಳಲಿಲ್ಲ. ಚಿಕ್ಕಪ್ಪ ಬರ್ಗಂಡಿಯ ಫಿಲಿಪ್ ಹಾಗೂ ತಮ್ಮನಾದ ಓರ್ಲಿಯಾನ್ಸಿನ ಲೂಯಿ ಇವರ ನಡುವೆ ಅಧಿಕಾರಕ್ಕಾಗಿ ಪೈಪೋಟಿ ಬೆಳೆಯಿತು.

ಆರೈಕೆಯ ಸ್ಥಿತಿಯೂ ಶೋಚನೀಯವಾಗಿತ್ತು. ಮಾಟವೇ ಕಾಯಿಲೆಗೆ ಕಾರಣವೆಂಬ ಗುಮಾನಿ ಹಬ್ಬಿತು. ಅಸ್ವಸ್ಥ ಅರಸನಿಗೆ ಸಮಾಧಾನ ತರಬಲ್ಲವಳಾಗಿದ್ದ ನಾದಿನಿ ವ್ಯಾಲೆಂಟಿನಾ ವಿಸ್ಕೊಂಟಿಯ ಮೇಲೆಯೇ ಆ ಆರೋಪ ಬಂದು, 1396ರಲ್ಲಿ ಆಕೆ ಆಸ್ಥಾನವನ್ನು ತೊರೆಯಬೇಕಾಯಿತು. ಗುಣಪಡಿಸುವುದಾಗಿ ಮಾತು ಕೊಟ್ಟು ವಿಫಲರಾದ ಇಬ್ಬರು ಸನ್ಯಾಸಿಗಳಿಗೆ 1398ರಲ್ಲಿ ಮರಣದಂಡನೆಯಾಯಿತು. 1405ರಲ್ಲಿ ಅರಸನು ತಿಂಗಳುಗಟ್ಟಲೆ ಸ್ನಾನ ಮಾಡದೆ, ಉಟ್ಟ ಬಟ್ಟೆಯನ್ನು ಬದಲಿಸದೆ, ಮೈಯಲ್ಲಿ ಹುಣ್ಣಾಗಿ ಹೇನು ತುಂಬಿದ ಸ್ಥಿತಿಗೆ ತಲುಪಿದನು. ಕೊನೆಗೆ ಮುಖಕ್ಕೆ ಮಸಿ ಬಳಿದುಕೊಂಡ ಕೆಲವರು ಹಠಾತ್ತನೆ ನುಗ್ಗಿ, ಹೆದರಿಸಿ, ಬಟ್ಟೆ ಬದಲಿಸಿದರು. ರಾಜಗೌರವಕ್ಕೆ ಯಾವ ಕೊರತೆಯೂ ಇರದಿದ್ದ ಅರಮನೆಯಲ್ಲಿ ರೋಗಿಗೆ ಸಿಕ್ಕ ಉಪಚಾರವಿದು.

1407ರ ನವೆಂಬರ್ 23ರಂದು, ಫಿಲಿಪ್‌ನ ಮಗ ಜಾನ್‌ನ ಆದೇಶದಂತೆ ಓರ್ಲಿಯಾನ್ಸಿನ ಲೂಯಿಯ ಹತ್ಯೆಯಾಯಿತು. ಅಂತರ್ಯುದ್ಧ ಹೊತ್ತಿಕೊಂಡಿತು. 1415ರಲ್ಲಿ ಅಜಿನ್‌ಕೋರ್ಟ್ ಕದನದಲ್ಲಿ ಫ್ರೆಂಚ್ ಸೈನ್ಯವು ಇಂಗ್ಲೆಂಡಿಗೆ ಸೋತಿತು. 1420ರ ಮೇ 21ರ ಟ್ರ್ವಾ ಒಪ್ಪಂದದ ಮೂಲಕ ಅರಸನ ಹೆಸರಿನಲ್ಲಿಯೇ ಅವನ ಮಗನ ಉತ್ತರಾಧಿಕಾರವನ್ನು ತಪ್ಪಿಸಿ, ಇಂಗ್ಲೆಂಡಿನ ಐದನೇ ಹೆನ್ರಿಯನ್ನು ವಾರಸುದಾರನೆಂದು ಘೋಷಿಸಲಾಯಿತು. ಅರಸನಿಗೆ ಆ ಒಪ್ಪಂದವನ್ನು ಗ್ರಹಿಸುವ ಸಾಮರ್ಥ್ಯವಿತ್ತೇ ಎಂಬ ಪ್ರಶ್ನೆಯು ಮುಂದೆ ಮಗನ ಪಕ್ಷದ ಮುಖ್ಯ ವಾದಗಳಲ್ಲೊಂದಾಯಿತು.

ಇದೇ ಪ್ರಶ್ನೆಯನ್ನು ಭಾರತದಲ್ಲಿ ಚಿಕಿತ್ಸೆಯ ಮಟ್ಟಿಗೆ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಮುಂಚಿತವಾಗಿಯೇ ಇತ್ಯರ್ಥಪಡಿಸಲು ಅವಕಾಶ ನೀಡಿದೆ. ಅಪ್ರಾಪ್ತರಲ್ಲದ ಯಾವುದೇ ವ್ಯಕ್ತಿಯು ಬಿಳಿ ಹಾಳೆಯ ಮೇಲೆ ಬರೆದು, ಸಹಿ ಅಥವಾ ಹೆಬ್ಬೆರಳಿನ ಗುರುತು ಹಾಕಿ, ತನ್ನ ನಾಮನಿರ್ದೇಶಿತ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು. ಮಾನಸಿಕ ಕಾಯಿಲೆಯಿದೆ ಎಂಬ ಒಂದೇ ಕಾರಣದಿಂದ ಯಾರನ್ನೂ ಅಸ್ವಸ್ಥಚಿತ್ತರೆಂದು ಪರಿಗಣಿಸತಕ್ಕದ್ದಲ್ಲ. ಸಕ್ಷಮ ನ್ಯಾಯಾಲಯವು ಹಾಗೆ ಘೋಷಿಸಿರಬೇಕು.

ಐದನೇ ಹೆನ್ರಿಯು 1422ರ ಆಗಸ್ಟ್ 31ರಂದು, ಅರಸನಿಗಿಂತ ಮೊದಲೇ ತೀರಿಕೊಂಡನು. ಅದೇ ವರ್ಷ ಅಕ್ಟೋಬರ್ 21ರಂದು ಆರನೇ ಚಾರ್ಲ್ಸ್ ಪ್ಯಾರಿಸ್ಸಿನ ಸೇಂಟ್ ಪಾಲ್ ಅರಮನೆಯಲ್ಲಿ ನಿಧನ ಹೊಂದಿದನು. ಸೇಂಟ್ ಡೆನಿಸ್‌ನಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ ಫ್ರೆಂಚ್ ರಾಜವಂಶದ ಒಬ್ಬ ರಾಜಕುಮಾರನೂ ಬರಲಿಲ್ಲ. ಶವಪೆಟ್ಟಿಗೆಯ ಹಿಂದೆ ನಡೆದವನು ಇಂಗ್ಲೆಂಡಿನ ಬೆಡ್‌ಫರ್ಡ್ ಡ್ಯೂಕ್. ಪ್ಯಾರಿಸ್ಸಿನ ಬೀದಿಗಳಲ್ಲಿ ಸಾಮಾನ್ಯ ಜನರು ನೆರೆದು ತಮ್ಮ ದೊರೆಗಾಗಿ ಗೋಳಾಡಿದರು.